ಇ6ಬಿ ಫ್ಲೈಟ್ ಕಂಪ್ಯೂಟರ್: ಬಜ್ಪೆಯ ಸೆಕೆಗೆ ಹಿಡಿದು ನೋಡಿದಾಗ

ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಓದುವವರ ಚೀಲದಲ್ಲಿ ಇ6ಬಿ ಎಂಬ ಈ ದುಂಡು ಚಕ್ರ, ಕೈಯಲ್ಲೇ ತಿರುಗಿಸಿ ಹಾರಾಟದ ಲೆಕ್ಕ ಹಾಕುವ ಸಾಧನ, ಇರಲೇಬೇಕು. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಕೊಳ್ಳುವುದಾದರೆ ಅಲ್ಯೂಮಿನಿಯಂನದ್ದೇ ಇರಲಿ. ಪ್ಲಾಸ್ಟಿಕ್‌ನದ್ದು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಉಳಿದರೆ ಬಾಗಿ, ಚಕ್ರ ಬಿಗಿಯುತ್ತದೆ. ಅಂಗಡಿಯಲ್ಲೇ ಒಳಚಕ್ರದ 10ನ್ನು ಹೊರಚಕ್ರದ 10ಕ್ಕೆ ಕೂಡಿಸಿ ಸುತ್ತಲೂ ನೋಡಿ. ಎದುರು ಮಗ್ಗುಲಿನ 32ರ ಹತ್ತಿರ ಗೆರೆಗಳು ತಪ್ಪಿದ್ದರೆ ಅದನ್ನು ವಾಪಸ್ ಕೊಡಿ.

ಇದರ ನಿಜವಾದ ಬೆಲೆ ತಿಳಿಯುವುದು ಏಪ್ರಿಲ್ ಮಧ್ಯಾಹ್ನ. ಬಜ್ಪೆಯ, ಅಂದರೆ ಮಂಗಳೂರು ವಿಮಾನ ನಿಲ್ದಾಣದ, ಎತ್ತರ 337 ಅಡಿ. ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಗಾಳಿಯ ಒತ್ತಡ) 1008 ಹೆಕ್ಟೋಪ್ಯಾಸ್ಕಲ್, ತಾಪ 34 ಡಿಗ್ರಿ ಎಂದಿಟ್ಟುಕೊಳ್ಳಿ. ಪ್ರಮಾಣಿತ ಒತ್ತಡ 1013ಕ್ಕಿಂತ 5 ಕಡಿಮೆ. ಒಂದಕ್ಕೆ 30 ಅಡಿಯಂತೆ 150 ಸೇರಿದರೆ ಪ್ರೆಶರ್ ಆಲ್ಟಿಟ್ಯೂಡ್ (ಒತ್ತಡದ ಲೆಕ್ಕದ ಎತ್ತರ) 487. ಚಕ್ರದ ಪುಟ್ಟ ಕಿಟಕಿಯಲ್ಲಿ ಇದನ್ನು 34ರ ಎದುರು ತಂದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಯ ಲೆಕ್ಕದ ಎತ್ತರ) ಸುಮಾರು 2,900 ಅಡಿ. ಕೈಲೆಕ್ಕವೂ ಅದನ್ನೇ ಹೇಳುತ್ತದೆ: ಆ ಎತ್ತರದ ಪ್ರಮಾಣಿತ ತಾಪಕ್ಕಿಂತ 20 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 2,400, ಅದಕ್ಕೆ 487 ಸೇರಿಸಿ. ಬೆಂಗಳೂರು ವಿಮಾನ ನಿಲ್ದಾಣದ ಎತ್ತರವೇ 3,000 ಅಡಿ. ಅಂದರೆ ಕಡಲ ಪಕ್ಕದಲ್ಲಿದ್ದರೂ ರೆಕ್ಕೆಗೆ, ಎಂಜಿನ್ನಿಗೆ ಸಿಗುವುದು ಘಟ್ಟದ ಮೇಲಿನ ತೆಳು ಗಾಳಿ. ನಮ್ಮ ಕರಾವಳಿಯ ತೇವವನ್ನು ಮಾತ್ರ ಈ ಚಕ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀರಾವಿ ಒಣಗಾಳಿಗಿಂತ ಹಗುರ. ಸೆಕೆಯ ದಿನ ಇನ್ನೂ ಕೆಲವು ನೂರು ಅಡಿ ಸೇರಿಸಿಕೊಳ್ಳಬೇಕು.

ವಿದ್ಯಾರ್ಥಿಗಳು ಎಡವುವುದು ಇದರ ನಂತರ. ಆ 2,900ನ್ನು ಹಿಡಿದುಕೊಂಡು ನೇರವಾಗಿ ಸೆಸ್ನಾ 172 ಎಂಬ ಚಿಕ್ಕ ವಿಮಾನದ ಕೈಪಿಡಿಯಲ್ಲಿನ ಟೇಕಾಫ್ ದೂರದ ಕೋಷ್ಟಕಕ್ಕೆ ಹೋಗುತ್ತಾರೆ. ಆ ಕೋಷ್ಟಕ ಕೇಳುವುದು ಪ್ರೆಶರ್ ಆಲ್ಟಿಟ್ಯೂಡ್ ಮತ್ತು ತಾಪ. ಡೆನ್ಸಿಟಿ ಆಲ್ಟಿಟ್ಯೂಡ್ ಹಾಕಿ ಮೇಲಿಂದ 34 ಡಿಗ್ರಿಯನ್ನೂ ಹಾಕಿದರೆ ಸೆಕೆಯನ್ನು ಎರಡು ಸಲ ಎಣಿಸಿದಂತೆ. 487ಕ್ಕೆ 1,000 ಅಡಿಯ ಸಾಲು, 34ಕ್ಕೆ 40ರ ಕಾಲಂ ಹಿಡಿಯಿರಿ. ತಪ್ಪಿದರೂ ಕ್ಷೇಮದ ಕಡೆಗೇ ತಪ್ಪುತ್ತದೆ. ಡೆನ್ಸಿಟಿ ಆಲ್ಟಿಟ್ಯೂಡ್ ಇರುವುದು ವಿಮಾನ ಇಂದು ಎಷ್ಟು ಮಂಕಾಗಿರುತ್ತದೆ ಎಂದು ಮೊದಲೇ ಅಂದಾಜಿಸುವುದಕ್ಕೆ.

ಹಿಂಬದಿಯ ಗಾಳಿಯ ತಟ್ಟೆ ನಮಗೆ ಹೆಚ್ಚು ಇಷ್ಟ. 270 ಡಿಗ್ರಿಯಿಂದ, ಅಂದರೆ ಪಶ್ಚಿಮದಿಂದ, 10 ನಾಟ್ ಗಾಳಿ ಇದ್ದಾಗ ರನ್‌ವೇ 24ರಲ್ಲಿ (240 ಡಿಗ್ರಿಯತ್ತ ಓಡುವಾಗ) ಎದುರುಗಾಳಿ ಸುಮಾರು 9 ನಾಟ್, ಅಡ್ಡಗಾಳಿ 5. ಕೈಪಿಡಿಯ ಪ್ರಕಾರ 9 ನಾಟ್ ಎದುರುಗಾಳಿಗೆ ದೂರ ಶೇ. 10 ಕಡಿಮೆ. ಅದೇ ಗಾಳಿಯಲ್ಲಿ ಅದೇ ರನ್‌ವೇಯ ಎದುರು ದಿಕ್ಕಿನ 06ರಿಂದ ಹೊರಟರೆ ಅದು ಹಿಂಗಾಳಿ. ಪ್ರತಿ 2 ನಾಟ್‌ಗೆ ಶೇ. 10 ಹೆಚ್ಚು. 1,000 ಅಡಿಯ ಓಟ ಒಂದು ಕಡೆ 900, ಇನ್ನೊಂದು ಕಡೆ 1,400 ದಾಟುತ್ತದೆ. ಬಜ್ಪೆಯ 2,450 ಮೀಟರಿನಲ್ಲಿ 172ಕ್ಕೆ ಇದು ದೊಡ್ಡದಲ್ಲ, ನಿಜ. ಆದರೆ ಇದು ಟೇಬಲ್‌ಟಾಪ್, ಗುಡ್ಡದ ತಲೆಯ ಮೇಲಿನ ರನ್‌ವೇ. 2010ರ ಮೇ 22ರಂದು ಇಲ್ಲಿ ತೀರಾ ಮುಂದೆ ನೆಲ ಮುಟ್ಟಿದ 737 ಅಂಚು ದಾಟಿ 158 ಜನ ತೀರಿಕೊಂಡರು. ಅಡಿ ಎಣಿಸುವ ಅಭ್ಯಾಸ ಚಿಕ್ಕ ವಿಮಾನದಲ್ಲೇ ಕೈಗೆ ಹತ್ತಬೇಕು.

ಗಾಳಿಯ ಚುಕ್ಕಿ ಇಡಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಕಲೆ ತಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ, ಮರುದಿನದ ಲೆಕ್ಕದಲ್ಲಿ ನಿನ್ನೆಯ ಗಾಳಿ ಬಂದು ಕೂರುತ್ತದೆ.