ಟಿವಿ ಸ್ಟಿಕ್‌ನಲ್ಲಿ ವಿಪಿಎನ್: ದೀರ್ಘ ಬಳಕೆಯ ನಂತರದ ವಿಮರ್ಶೆ

ರೇಟಿಂಗ್: 5ಕ್ಕೆ 3
ಬಳಸಿದ ಸಾಧನಗಳು: ಫೈರ್ ಟಿವಿ ಸ್ಟಿಕ್, ಗೂಗಲ್ ಟಿವಿ ಡಾಂಗಲ್

ಹಣ ಕೊಟ್ಟು ಕೊಳ್ಳುವ ವಿಪಿಎನ್ (ಇಂಟರ್ನೆಟ್ ಸಂಚಾರವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸಾಗಿಸುವ) ಸೇವೆಯೊಂದರ ಟಿವಿ ಆ್ಯಪ್ ಬಗ್ಗೆ ಈ ವಿಮರ್ಶೆ. ಸೇವೆಯ ಹೆಸರು ಹಾಕಿಲ್ಲ, ಏಕೆಂದರೆ ಕೆಳಗಿನ ಗುಣದೋಷಗಳಲ್ಲಿ ಬಹುಪಾಲು ಈ ಬಗೆಯ ಆ್ಯಪ್‌ಗಳಿಗೆಲ್ಲ ಅನ್ವಯಿಸುತ್ತವೆ. ಅದೇ ಖಾತೆ, ಅದೇ ವೈಫೈ, ಅದೇ ಸರ್ವರ್ ಫೋನಿನಲ್ಲಿ ಸಲೀಸಾಗಿ ಓಡುತ್ತದೆ. ಟಿವಿಗೆ ಬಂದ ಕೂಡಲೇ ತಕರಾರು ಶುರು. ತೊಂದರೆಯ ಮೂಲ ಸರ್ವರ್‌ನಲ್ಲಿರುವುದು ಕಡಿಮೆ, ಸ್ಟಿಕ್‌ನಲ್ಲೋ ಮನೆಯ ನೆಟ್‌ವರ್ಕ್‌ನಲ್ಲೋ ಇರುವುದೇ ಹೆಚ್ಚು. ಆದ್ದರಿಂದ ಎಷ್ಟು ದೇಶ, ಎಷ್ಟು ಸಾವಿರ ಸರ್ವರ್ ಎಂಬ ಜಾಹೀರಾತಿಗೆ ಮರುಳಾಗದೆ ಟಿವಿ ಆವೃತ್ತಿಯ ಸೆಟ್ಟಿಂಗ್ಸ್ ಪುಟವನ್ನು ಮೊದಲು ತೆರೆದು ನೋಡಿ. ಪ್ರೋಟೋಕಾಲ್ (ವಿಪಿಎನ್ ಸಂಪರ್ಕ ಕಟ್ಟುವ ವಿಧಾನ) ಬದಲಿಸುವುದು, ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಣುಕಿನ, ಅಂದರೆ ಪ್ಯಾಕೆಟ್‌ನ, ಗರಿಷ್ಠ ಗಾತ್ರ) ಇಳಿಸುವುದು, ಲೋಕಲ್ ನೆಟ್‌ವರ್ಕ್‌ಗೆ ಅನುಮತಿ ಕೊಡುವುದು, ಕೆಲವು ಆ್ಯಪ್‌ಗಳನ್ನು ವಿಪಿಎನ್‌ನಿಂದ ಹೊರಗಿಡುವುದು, ಈ ನಾಲ್ಕೂ ಅಲ್ಲಿದ್ದರೆ ಉಳಿದದ್ದನ್ನು ಹೇಗಾದರೂ ಸರಿಮಾಡಿಕೊಳ್ಳಬಹುದು. ಈ ಸೇವೆಯ ಟಿವಿ ಆ್ಯಪ್‌ನಲ್ಲಿ ಎಂಟಿಯು ಇಲ್ಲ, ಉಳಿದ ಮೂರಿವೆ. ಕಳೆದ ಅಂಕಗಳಲ್ಲಿ ಒಂದು ಅದಕ್ಕೇ ಹೋಯಿತು.

ವಿಪಿಎನ್ ಮುಟ್ಟುವ ಮೊದಲು ವಿದ್ಯುತ್ ನೋಡಿ. ಸ್ಟಿಕ್‌ನ ಕೇಬಲ್ ಅನ್ನು ಟಿವಿಯ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿಡುವವರೇ ಹೆಚ್ಚು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಸ್ಟಿಕ್ ಜೊತೆ ಬರುವ ಅಡಾಪ್ಟರ್ ಕೊಡುವುದು 5 ವೋಲ್ಟ್‌ನಲ್ಲಿ 1 ಆಂಪಿಯರ್. ಸಾಮಾನ್ಯ ಬಳಕೆಯಲ್ಲಿ ಈ ಕೊರತೆ ಗೊತ್ತಾಗದೆ ಇರಬಹುದು. ವಿಪಿಎನ್ ಆನ್ ಆದರೆ ಪ್ರೊಸೆಸರ್ ಪ್ರತಿ ಪ್ಯಾಕೆಟ್‌ನ ಗೂಢಲಿಪಿಯನ್ನೂ ಬಿಡಿಸಬೇಕು, ವೈಫೈ ಜೊತೆಜೊತೆಗೆ ದುಡಿಯಬೇಕು. ಆಗ ವೈಫೈ ಕಡಿಯುತ್ತದೆ, ಇಲ್ಲವೇ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ನೋಡುವವರಿಗೆ ಅದು ‘ವಿಪಿಎನ್ ಡಿಸ್ಕನೆಕ್ಟ್’ ಎಂದೇ ಕಾಣುತ್ತದೆ. ಅಡಾಪ್ಟರ್ ಅನ್ನು ಗೋಡೆಯ ಸಾಕೆಟ್‌ಗೆ ಹಾಕಿ. ಡಬ್ಬಿಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಅನ್ನೂ ಬಿಸಾಡಬೇಡಿ. ಸ್ಟಿಕ್ ಟಿವಿಯ ಲೋಹದ ಬೆನ್ನಿನಿಂದ ಸ್ವಲ್ಪ ಆಚೆ ಬಂದರೂ ಸಿಗ್ನಲ್ ಸುಧಾರಿಸುತ್ತದೆ. ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ಬ್ಯಾಂಡ್ ಹಿಡಿಯಿರಿ.

ಆಮೇಲೆ, ಸಂಪರ್ಕ ಯಾವ ಹಂತದಲ್ಲಿ ಮುರಿಯುತ್ತಿದೆ ಎಂದು ಗುರುತಿಸಬೇಕು. ಈ ಆ್ಯಪ್ ಎಲ್ಲದಕ್ಕೂ ‘ಸಂಪರ್ಕ ವಿಫಲ’ ಎಂಬ ಒಂದೇ ಸಂದೇಶ ತೋರಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಲಾಗಿನ್ ಆದ ಕೂಡಲೇ ವಿಫಲವಾದರೆ ಖಾತೆಯ ಸಾಧನ ಮಿತಿ ಮುಗಿದಿದೆಯೇ ನೋಡಿ. ಹಳೆಯ ಫೋನ್, ಲ್ಯಾಪ್‌ಟಾಪ್‌ಗಳು ಪಟ್ಟಿಯಲ್ಲಿ ಉಳಿದುಕೊಂಡು ಜಾಗ ಹಿಡಿದಿರುತ್ತವೆ. ಒಂದೇ ಸರ್ವರ್‌ನಲ್ಲಿ ಕೈಕೊಟ್ಟು ಇನ್ನೊಂದರಲ್ಲಿ ನಡೆದರೆ ಅದು ಸರ್ವರ್ ತೊಂದರೆ, ಅಲ್ಲಿಗೆ ಬಿಟ್ಟುಬಿಡಿ. ಯಾವ ಸರ್ವರ್ ಆದರೂ ವಿಫಲವಾಗಿ, ಫೋನಿನ ಹಾಟ್‌ಸ್ಪಾಟ್‌ಗೆ ಸ್ಟಿಕ್ ಜೋಡಿಸಿದಾಗ ಮಾತ್ರ ನಡೆದರೆ ದೋಷ ರೂಟರ್‌ನದ್ದು ಅಥವಾ ಇಂಟರ್ನೆಟ್ ಕೊಡುವವರದ್ದು. ಹಾಟ್‌ಸ್ಪಾಟ್‌ನಲ್ಲೂ ಆಗದಿದ್ದರೆ ಸ್ಟಿಕ್ ಕಡೆ ತಿರುಗಿ. ಈ ಹಾಟ್‌ಸ್ಪಾಟ್ ಪರೀಕ್ಷೆಗೆ ಐದು ನಿಮಿಷ ಸಾಕು. ಆದರೂ ಗ್ರಾಹಕ ಸೇವೆಯವರು ಇದನ್ನು ಹೇಳುವುದಿಲ್ಲ, ಆ್ಯಪ್ ತೆಗೆದು ಮತ್ತೆ ಹಾಕಿ ಎಂದು ಸಾಗಹಾಕುತ್ತಾರೆ.

ಮರುಸ್ಥಾಪನೆ ಕೊನೆಯ ಮದ್ದು. ಅದಕ್ಕೂ ಮೊದಲು ಫೈರ್ ಟಿವಿಯಲ್ಲಿ ಸೆಟ್ಟಿಂಗ್ಸ್‌ನ ಅಪ್ಲಿಕೇಶನ್ಸ್ ವಿಭಾಗದಲ್ಲಿ, ಸ್ಥಾಪಿತ ಆ್ಯಪ್‌ಗಳ ಪಟ್ಟಿಯಿಂದ ವಿಪಿಎನ್ ಆರಿಸಿ ಫೋರ್ಸ್ ಸ್ಟಾಪ್ ಮಾಡಿ, ನಂತರ ಕ್ಯಾಶ್ ಅಳಿಸಿ. ‘ಡೇಟಾ ಅಳಿಸು’ ಒತ್ತಿದರೆ ಲಾಗಿನ್ ಕೂಡ ಹೋಗುತ್ತದೆ, ಪಾಸ್‌ವರ್ಡ್ ಅನ್ನು ರಿಮೋಟ್‌ನಲ್ಲಿ ಒಂದೊಂದೇ ಅಕ್ಷರವಾಗಿ ಒತ್ತುವ ಶಿಕ್ಷೆ ತಪ್ಪುವುದಿಲ್ಲ. ಬಳಿಕ ರಿಮೋಟ್‌ನ ಸೆಲೆಕ್ಟ್ ಮತ್ತು ಪ್ಲೇ/ಪಾಸ್ ಗುಂಡಿಗಳನ್ನು ಒಟ್ಟಿಗೆ ಸುಮಾರು 5 ಸೆಕೆಂಡ್ ಒತ್ತಿಹಿಡಿದರೆ ಸ್ಟಿಕ್ ರೀಸ್ಟಾರ್ಟ್ ಆಗುತ್ತದೆ. ಆ್ಯಪ್ ಮೊದಲ ಸಲ ಸಂಪರ್ಕಿಸುವಾಗ ಆಂಡ್ರಾಯ್ಡ್ ಒಂದು ಅನುಮತಿ ಕೇಳುತ್ತದೆ, ಅದಕ್ಕೆ ಓಕೆ ಕೊಡದೆ ಬ್ಯಾಕ್ ಒತ್ತಿದರೆ ವಿಪಿಎನ್ ಎಂದಿಗೂ ಶುರುವಾಗುವುದಿಲ್ಲ. ಇನ್ನೊಂದು ವಿಷಯ: ಆಂಡ್ರಾಯ್ಡ್‌ನಲ್ಲಿ ಒಮ್ಮೆಗೆ ಒಂದೇ ವಿಪಿಎನ್. ಜಾಹೀರಾತು ತಡೆಯುವ ಕೆಲವು ಆ್ಯಪ್‌ಗಳೂ ಒಳಗೊಳಗೇ ಇದೇ ವಿಪಿಎನ್ ಸೌಲಭ್ಯ ಬಳಸುತ್ತವೆ. ಅಂಥದ್ದೊಂದು ಸ್ಟಿಕ್‌ನಲ್ಲಿದ್ದರೆ ಎರಡೂ ಒಂದನ್ನೊಂದು ಹೊರದಬ್ಬುತ್ತಿರುತ್ತವೆ.

ಪ್ರೋಟೋಕಾಲ್ ವಿಚಾರಕ್ಕೆ ಬಂದರೆ ಟಿವಿ ಸ್ಟಿಕ್‌ಗೆ ವೈರ್‌ಗಾರ್ಡ್ ಅನ್ನೇ ಇಟ್ಟುಕೊಳ್ಳಿ. ಅದು ಬಳಸುವ ಚಾಚಾ20 ಗೂಢಲಿಪಿ ಸಣ್ಣ ಪ್ರೊಸೆಸರ್‌ಗಳಿಗೂ ಹಗುರ. ಇನ್ನೊಂದು ಪ್ರೋಟೋಕಾಲ್ ಆದ ಓಪನ್‌ವಿಪಿಎನ್ ಕೆಲಸವನ್ನೆಲ್ಲ ಹೆಚ್ಚುಕಮ್ಮಿ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಹೇರುತ್ತದೆ, ಹೀಗಾಗಿ ಇಂಟರ್ನೆಟ್ ಎಷ್ಟೇ ವೇಗದ್ದಾದರೂ ಸ್ಟಿಕ್ ಅಷ್ಟಕ್ಕೇ ಏದುಸಿರು ಬಿಡುತ್ತದೆ. ನೆಟ್‌ಫ್ಲಿಕ್ಸ್ 4ಕೆಗೆ ಶಿಫಾರಸು ಮಾಡುವುದು 15 ಎಂಬಿಪಿಎಸ್, 1080ಪಿಗೆ 5 ಎಂಬಿಪಿಎಸ್. ಸ್ಟಿಕ್‌ನ ಬ್ರೌಸರ್‌ನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು ವಿಪಿಎನ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಅಳೆಯಿರಿ. ಆ ಪರೀಕ್ಷೆ ನೆಟ್‌ಫ್ಲಿಕ್ಸ್‌ನದ್ದೇ ಸರ್ವರ್‌ಗಳಿಂದ ನಡೆಯುವುದರಿಂದ ಸಂಖ್ಯೆ ನಿಜಕ್ಕೆ ಹತ್ತಿರವಿರುತ್ತದೆ.

ಹಾಗೆಂದು ವೈರ್‌ಗಾರ್ಡ್ ಎಲ್ಲ ಕಡೆ ನಡೆಯುವುದಿಲ್ಲ. ಅದು ಯುಡಿಪಿ (ತಲುಪಿತೇ ಎಂದು ನೋಡದೆ ಪ್ಯಾಕೆಟ್ ಕಳಿಸುವ ರೀತಿ) ಮೇಲಷ್ಟೇ ಓಡುವುದು, ಸಾಮಾನ್ಯ ಪೋರ್ಟ್ (ಸಂಚಾರದ ಬಾಗಿಲಿನ ಸಂಖ್ಯೆ) 51820. ಹೋಟೆಲ್, ಹಾಸ್ಟೆಲ್, ಕಚೇರಿಯ ವೈಫೈಗಳಲ್ಲಿ ಯುಡಿಪಿ ಮುಚ್ಚಿಟ್ಟಿರುತ್ತಾರೆ. ಐಕೆಇವಿ2 ಎಂಬ ಮತ್ತೊಂದು ಪ್ರೋಟೋಕಾಲ್ ಬಳಸುವ 500 ಮತ್ತು 4500 ಪೋರ್ಟ್‌ಗಳಿಗೂ ಅದೇ ಗತಿ. ಅಂಥ ಕಡೆ ಓಪನ್‌ವಿಪಿಎನ್ ಅನ್ನು ಟಿಸಿಪಿಯ (ತಲುಪದ ಪ್ಯಾಕೆಟ್ ಅನ್ನು ಮತ್ತೆ ಕಳಿಸುವ ರೀತಿ) 443ನೇ ಪೋರ್ಟ್‌ನಲ್ಲಿ ಓಡಿಸಿದರೆ ಸಾಮಾನ್ಯವಾಗಿ ದಾಟಿಕೊಳ್ಳುತ್ತದೆ, ಏಕೆಂದರೆ ಸುರಕ್ಷಿತ ವೆಬ್‌ಸೈಟ್‌ಗಳೆಲ್ಲ ಓಡಾಡುವುದೂ ಅದೇ ಪೋರ್ಟ್‌ನಲ್ಲಿ. ವೇಗ ಇಳಿಯುತ್ತದೆ. ಟಿಸಿಪಿಯೊಳಗೆ ಟಿಸಿಪಿ ಹೋಗುವಾಗ ಒಂದು ಪ್ಯಾಕೆಟ್ ಕಳೆದರೆ ಒಳಗಿನದೂ ಹೊರಗಿನದೂ ಎರಡೂ ಮತ್ತೆ ಕಳಿಸಲು ಹೊರಡುತ್ತವೆ. ಹೋಟೆಲ್‌ನಲ್ಲಿ ವೈಫೈನ ಲಾಗಿನ್ ಪುಟವನ್ನು ವಿಪಿಎನ್ ಮತ್ತು ಕಿಲ್ ಸ್ವಿಚ್ (ವಿಪಿಎನ್ ಕಡಿದರೆ ಇಂಟರ್ನೆಟ್ ಅನ್ನೇ ನಿಲ್ಲಿಸುವ ಸೌಲಭ್ಯ) ಎರಡೂ ಆಫ್ ಇದ್ದಾಗಲೇ ಮುಗಿಸಬೇಕು, ಇಲ್ಲದಿದ್ದರೆ ಆ ಪುಟವೇ ತೆರೆಯುವುದಿಲ್ಲ.

ಎಲ್ಲಕ್ಕಿಂತ ತಲೆ ತಿನ್ನುವುದು ಎಂಟಿಯು. ಲಕ್ಷಣ ಹೀಗೆ: ಆ್ಯಪ್ ‘ಕನೆಕ್ಟೆಡ್’ ಎನ್ನುತ್ತದೆ, ಮೆನು ತೆರೆಯುತ್ತದೆ, ಪೋಸ್ಟರ್‌ಗಳು ಅರ್ಧಂಬರ್ಧ ಬರುತ್ತವೆ, ಪ್ಲೇ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಸಣ್ಣ ಪ್ಯಾಕೆಟ್‌ಗಳು ದಾಟುತ್ತಿವೆ, ದೊಡ್ಡವು ಕಿರುಬಾಗಿಲಲ್ಲಿ ಸಿಕ್ಕಿಕೊಂಡ ಮಂಚದಂತೆ ನಿಂತುಬಿಟ್ಟಿವೆ. ಮಾಮೂಲಿ ಈಥರ್ನೆಟ್‌ನಲ್ಲಿ ಪ್ಯಾಕೆಟ್ ಗಾತ್ರ 1500 ಬೈಟ್ ತನಕ ಹೋಗಬಹುದು. ಪಿಪಿಪಿಒಇ (ರೂಟರ್‌ನಲ್ಲಿ ಹೆಸರು, ಪಾಸ್‌ವರ್ಡ್ ಹಾಕುವ ಬಗೆ) ಲಾಗಿನ್ ಇರುವ ಬ್ರಾಡ್‌ಬ್ಯಾಂಡ್‌ನಲ್ಲಿ ಅದು 1492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಇಂಟರ್ನೆಟ್ ವಿಳಾಸದ ಹಳೆಯ ಬಗೆಯಾದ ಐಪಿವಿ4ರಲ್ಲಿ 60 ಬೈಟ್, ಹೊಸ ಬಗೆಯಾದ ಐಪಿವಿ6ರಲ್ಲಿ 80 ಬೈಟ್ ತೆಗೆದುಕೊಳ್ಳುತ್ತದೆ. ಅದರ ರೂಢಿಯ 1420 ಬಂದಿದ್ದು 1500ರಿಂದ 80 ಕಳೆದು. ಪಿಪಿಪಿಒಇ ಮೇಲೆ ಐಪಿವಿ6 ಮೂಲಕ ಹೋದರೆ 1412 ಇರಬೇಕು, 1420 ಎಂದರೆ 8 ಬೈಟ್ ಹೆಚ್ಚಾಯಿತು. ದಾರಿಯ ಯಾವುದೋ ರೂಟರ್ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಸೂಚನೆಯನ್ನೂ ತಡೆಹಿಡಿದಿದ್ದರೆ ಸ್ಟಿಕ್‌ಗೆ ವಿಷಯವೇ ಗೊತ್ತಾಗದು. ಎಂಟಿಯು ಬದಲಿಸಲು ಬಿಡುವ ಆ್ಯಪ್‌ನಲ್ಲಿ ಮೊದಲು 1380 ಹಾಕಿ, ಆಗದಿದ್ದರೆ 1280. ಅದಕ್ಕಿಂತ ಕೆಳಗಿಳಿಸಬೇಡಿ, ಐಪಿವಿ6ಗೆ 1280 ಕನಿಷ್ಠ ಮಿತಿ. ಆ್ಯಪ್‌ನಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ, ಸೇವೆಯವರು ವೈರ್‌ಗಾರ್ಡ್ ಕಾನ್ಫಿಗ್ ಫೈಲ್ (ಸಂಪರ್ಕದ ಸೆಟ್ಟಿಂಗ್‌ಗಳಿರುವ ಕಡತ) ಕೊಡುತ್ತಾರಾದರೆ ಅಧಿಕೃತ ವೈರ್‌ಗಾರ್ಡ್ ಆ್ಯಪ್‌ಗೆ ಅದನ್ನು ತುಂಬಿಸಿ ಅಲ್ಲಿ ಬದಲಿಸಬಹುದು. ಅದೂ ಆಗದಿದ್ದರೆ ಓಪನ್‌ವಿಪಿಎನ್ ಟಿಸಿಪಿಗೆ ಬದಲಾಯಿಸಿ ನೋಡಿ. ಅದರಲ್ಲಿ ವಿಡಿಯೋ ಓಡಿದರೆ ರೋಗ ಎಂಟಿಯು ಎಂದು ಬಹುಮಟ್ಟಿಗೆ ಖಚಿತ.

ಟಿವಿ ಮಲಗಿ ಎದ್ದಾಗ ಬರುವ ಕಾಟ ಬೇರೆ. ಸ್ಟ್ಯಾಂಡ್‌ಬೈಗೆ ಹೋದಾಗ ವೈಫೈ ನಿಲ್ಲುತ್ತದೆ. ರೂಟರ್ ನೆನಪಿಟ್ಟುಕೊಂಡಿದ್ದ ಯುಡಿಪಿ ಜೋಡಣೆ ಸ್ವಲ್ಪ ಹೊತ್ತಿನಲ್ಲಿ ಅಳಿಸಿಹೋಗುತ್ತದೆ. ಎದ್ದ ಮೇಲೆ ಆ್ಯಪ್ ಹಸಿರು ಬಣ್ಣದಲ್ಲಿ ‘ಕನೆಕ್ಟೆಡ್’ ತೋರಿಸುತ್ತಲೇ ಇರುತ್ತದೆ, ಆದರೆ ಡೇಟಾ ಹರಿಯುವುದಿಲ್ಲ. ಡಿಸ್ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿದರೆ ಸರಿ. ಕಾನ್ಫಿಗ್ ಫೈಲ್ ಬಳಸುವವರು ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಜೋಡಣೆ ಉಳಿಸಲು ಆಗಾಗ ಸಣ್ಣ ಪ್ಯಾಕೆಟ್ ಕಳಿಸುವುದು) 25 ಸೆಕೆಂಡ್ ಎಂದು ಹಾಕಿದರೆ ಎಚ್ಚರವಿರುವಾಗಿನ ಕಡಿತ ನಿಲ್ಲುತ್ತದೆ. ನಿದ್ದೆಯಿಂದಾಗುವ ಕಡಿತಕ್ಕೆ ಅದರಿಂದ ಉಪಯೋಗವಿಲ್ಲ. ಮೆಮೊರಿ ಕಡಿಮೆಯಿರುವ ಸ್ಟಿಕ್‌ಗಳಲ್ಲಿ, ಉದಾಹರಣೆಗೆ 1 ಜಿಬಿ ರ್‍ಯಾಮ್‌ನ ಫೈರ್ ಟಿವಿ ಸ್ಟಿಕ್ ಲೈಟ್‌ನಲ್ಲಿ, ಭಾರದ ಸ್ಟ್ರೀಮಿಂಗ್ ಆ್ಯಪ್ ತೆರೆದಾಗ ಹಿನ್ನೆಲೆಯ ವಿಪಿಎನ್ ಅನ್ನೇ ಸಿಸ್ಟಂ ಕೊಂದುಬಿಡುವುದುಂಟು. 2 ಜಿಬಿ ಇರುವ ಸಾಧನದಲ್ಲಿ ಈ ತೊಂದರೆ ತೀರಾ ಅಪರೂಪ.

ಗಡಿಯಾರವೂ ಕೈಕೊಡುತ್ತದೆ ಎಂದರೆ ಹಲವರು ನಂಬುವುದಿಲ್ಲ. ಸ್ಟಿಕ್‌ನಲ್ಲಿ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಸಮಯವನ್ನು ಅದು ಇಂಟರ್ನೆಟ್‌ನಿಂದಲೇ ತರಬೇಕು. ವೈರ್‌ಗಾರ್ಡ್ ಹ್ಯಾಂಡ್‌ಶೇಕ್‌ನಲ್ಲಿ (ಸಂಪರ್ಕದ ಆರಂಭದ ಮಾತುಕತೆಯಲ್ಲಿ) ಸಮಯದ ಮುದ್ರೆ ಇರುತ್ತದೆ, ಹಿಂದೆ ಬಂದದ್ದಕ್ಕಿಂತ ಹಳೆಯ ಮುದ್ರೆಯನ್ನು ಸರ್ವರ್ ಸದ್ದಿಲ್ಲದೆ ತಿರಸ್ಕರಿಸುತ್ತದೆ. ಓಪನ್‌ವಿಪಿಎನ್‌ನಲ್ಲಿ ತಾರೀಕು ತಪ್ಪಿದ್ದರೆ ಸರ್ವರ್‌ನ ಗುರುತು ಸಾರುವ ಸರ್ಟಿಫಿಕೇಟ್ ಅಮಾನ್ಯವಾಗುತ್ತದೆ. ಕಿಲ್ ಸ್ವಿಚ್ ಆನ್ ಇದ್ದರೆ ಸಮಯ ತರುವ ವಿನಂತಿಗೂ ದಾರಿ ಸಿಗದೆ ಹೋಗಬಹುದು. ಕರೆಂಟ್ ಹೋಗಿ ಬಂದ ನಂತರವಷ್ಟೇ ಈ ತೊಂದರೆ ಕಂಡರೆ ಕಿಲ್ ಸ್ವಿಚ್ ಆಫ್ ಮಾಡಿ, ಪರದೆಯ ಮೂಲೆಯ ಸಮಯ ಸರಿಯಾಗುವ ತನಕ ಕಾದು ಆಮೇಲೆ ಸಂಪರ್ಕಿಸಿ.

ಸಂಪರ್ಕವಾಗಿಯೂ ಯಾವ ಆ್ಯಪ್ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನಪಡಿ. ಬ್ರೌಸರ್‌ನಲ್ಲಿ 1.1.1.1 ಎಂದು ಟೈಪ್ ಮಾಡಿ. ಆ ಪುಟ ತೆರೆದು, ಹೆಸರಿರುವ ಸೈಟ್‌ಗಳು ತೆರೆಯದಿದ್ದರೆ ವಿಪಿಎನ್ ಸುರಂಗ (ಸಂಪರ್ಕದ ದಾರಿ) ಸರಿಯಿದೆ, ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೆಲಸ ನಿಂತಿದೆ. ಆಂಡ್ರಾಯ್ಡ್ 9ರಿಂದ ಬಂದ ಪ್ರೈವೇಟ್ ಡಿಎನ್‌ಎಸ್‌ನಲ್ಲಿ (ಡಿಎನ್‌ಎಸ್ ಅನ್ನು ಗೂಢಲಿಪಿಯಲ್ಲಿ ಕೇಳುವ ಸೆಟ್ಟಿಂಗ್) ಯಾವುದಾದರೂ ಹೋಸ್ಟ್ ಹೆಸರು ಹಾಕಿಟ್ಟಿದ್ದರೆ ತೆಗೆಯಿರಿ. ಅದು ಟಿಸಿಪಿ 853ನೇ ಪೋರ್ಟ್‌ನಲ್ಲಿ ಹೋಗುತ್ತದೆ, ಆ ಪೋರ್ಟ್ ಅನ್ನು ವಿಪಿಎನ್ ಸರ್ವರ್ ಬಿಡದಿದ್ದರೆ ಎಲ್ಲವೂ ನಿಲ್ಲುತ್ತದೆ.

ಐಪಿವಿ6 ಸೋರಿಕೆ ಇನ್ನೊಂದು ತೊಂದರೆ. ವಿಪಿಎನ್ ಐಪಿವಿ4 ಮಾತ್ರ ಸಾಗಿಸಿ, ಐಪಿವಿ6 ಅನ್ನು ತಡೆಯದೆ ಬಿಟ್ಟರೆ ಸ್ಟ್ರೀಮಿಂಗ್ ಆ್ಯಪ್‌ಗೆ ಮನೆಯ ನಿಜವಾದ ವಿಳಾಸ ಕಾಣುತ್ತದೆ. ಬಹಳಷ್ಟು ಸ್ಟಿಕ್‌ಗಳಲ್ಲಿ ಐಪಿವಿ6 ಅನ್ನು ಆಫ್ ಮಾಡುವ ಗುಂಡಿ ಇಲ್ಲ, ರೂಟರ್‌ನಲ್ಲೇ ಮಾಡಬೇಕು.

ಇನ್ನು ‘ವಿಪಿಎನ್ ಓಡುತ್ತಿದೆ, ನೆಟ್‌ಫ್ಲಿಕ್ಸ್ ಬಿಡುತ್ತಿಲ್ಲ’ ಎಂಬ ದೂರು. ಎಂ7111-5059 ಸಂಖ್ಯೆಯ ದೋಷ ಬಂದರೆ ಅದು ಸಂಪರ್ಕದ ತೊಂದರೆ ಅಲ್ಲವೇ ಅಲ್ಲ. ಡೇಟಾ ಸೆಂಟರ್‌ನ ಐಪಿ ವಿಳಾಸವನ್ನು ಅವರು ಗುರುತಿಸಿದ್ದಾರೆ, ಅಷ್ಟೆ. ಎಂಟಿಯು, ಡಿಎನ್‌ಎಸ್ ಏನು ತಿರುಗಿಸಿದರೂ ಫಲವಿಲ್ಲ. ಜಾಹೀರಾತು ಸಹಿತ ಪ್ಲಾನ್ ಮತ್ತು ನೇರ ಪ್ರಸಾರಗಳು ವಿಪಿಎನ್ ಮೇಲೆ ನಡೆಯುವುದಿಲ್ಲ ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳಿದೆ. ಬೇರೆ ದೇಶದ ಕ್ಯಾಟಲಾಗ್ ನೋಡಲೆಂದೇ ವಿಪಿಎನ್ ಕೊಳ್ಳುವವರು ತಮ್ಮ ಸ್ಟ್ರೀಮಿಂಗ್ ಸೇವೆಯ ನಿಯಮ ಓದಿಕೊಂಡು ಮುಂದುವರಿಯುವುದು ಒಳ್ಳೆಯದು. ವಿಪಿಎನ್ ಒಪ್ಪದ ಆ್ಯಪ್ ಅನ್ನು ಸ್ಪ್ಲಿಟ್ ಟನೆಲಿಂಗ್‌ನಲ್ಲಿ (ಆ್ಯಪ್‌ಗಳನ್ನು ವಿಪಿಎನ್‌ನಿಂದ ಹೊರಗಿಡುವ ಆಯ್ಕೆ) ಹೊರಗಿಟ್ಟರೆ ಉಳಿದವು ವಿಪಿಎನ್ ಒಳಗೇ ಇರುತ್ತವೆ, ದಿನನಿತ್ಯಕ್ಕೆ ಅದೇ ನೆಮ್ಮದಿ. ಫೋನಿನಿಂದ ಟಿವಿಗೆ ಕಾಸ್ಟ್ ಆಗುವುದು ನಿಂತರೆ ‘ಲೋಕಲ್ ನೆಟ್‌ವರ್ಕ್ ಅನುಮತಿಸು’ ಆನ್ ಮಾಡಿ. ವಿಪಿಎನ್ ಫೋನಿನಲ್ಲೂ ಇದ್ದರೆ ಅಲ್ಲಿಯೂ ಮಾಡಬೇಕು.

ಸ್ಟೋರ್‌ನಲ್ಲಿ ಟಿವಿ ಆವೃತ್ತಿ ಸಿಗದೆ ಫೋನಿನ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಸ್ಥಾಪನಾ ಫೈಲ್) ತಂದು ಹಾಕುವವರಿಗೆ ಎಚ್ಚರಿಕೆ: ಫೈರ್ ಟಿವಿ ಸ್ಟಿಕ್‌ಗಳಲ್ಲಿ ಹಲವು ಇಂದಿಗೂ 32 ಬಿಟ್ ಆ್ಯಪ್‌ಗಳನ್ನಷ್ಟೇ ಓಡಿಸುತ್ತವೆ. 64 ಬಿಟ್‌ಗೆ ಮಾತ್ರ ಕಟ್ಟಿದ ಎಪಿಕೆ ಸ್ಥಾಪನೆಯೇ ಆಗುವುದಿಲ್ಲ. ಸ್ಥಾಪನೆಯಾದ ಎಪಿಕೆಯಲ್ಲೂ ಪರದೆಯ ಕೆಲವು ಗುಂಡಿಗಳನ್ನು ರಿಮೋಟ್‌ನ ಬಾಣಗಳು ಮುಟ್ಟುವುದಿಲ್ಲ, ಮೌಸ್ ಜೋಡಿಸಬೇಕಾಗುತ್ತದೆ. ಅಮೆಜಾನ್‌ನ ಹೊಸ ವೇಗಾ ಓಎಸ್ ಇರುವ ಸ್ಟಿಕ್‌ನಲ್ಲಿ ಆಂಡ್ರಾಯ್ಡ್ ಎಪಿಕೆ ಹಾಕುವ ದಾರಿಯೇ ಇಲ್ಲ.

ಆಪಲ್ ಟಿವಿಗೆ ವಿಪಿಎನ್ ಆ್ಯಪ್‌ಗಳು ಬಂದದ್ದು 2023ರ ಟಿವಿಓಎಸ್ 17ರಿಂದ. ಹಳೆಯ ಆವೃತ್ತಿಯಲ್ಲೇ ನಿಂತವರಿಗೆ ಮತ್ತು ವಿಪಿಎನ್ ಆ್ಯಪ್‌ಗಳೇ ಇಲ್ಲದ ರೋಕು ಎಂಬ ಟಿವಿ ಸಾಧನದ ಬಳಕೆದಾರರಿಗೆ ರೂಟರ್‌ನಲ್ಲೇ ವಿಪಿಎನ್ ಹಾಕುವುದು ಮುಖ್ಯ ದಾರಿ. ಸ್ಟಿಕ್‌ನ ನಿದ್ದೆ, ರ್‍ಯಾಮ್, ಗಡಿಯಾರದ ಗೋಳೆಲ್ಲ ಆಗ ತಪ್ಪುತ್ತದೆ, ಆದರೆ ಗೂಢಲಿಪಿಯ ಭಾರ ರೂಟರ್‌ನ ಪ್ರೊಸೆಸರ್ ಮೇಲೆ ಬೀಳುತ್ತದೆ. ಸಾಧಾರಣ ರೂಟರ್‌ನಲ್ಲಿ ವೈರ್‌ಗಾರ್ಡ್ ಬೆಂಬಲವಿಲ್ಲದೆ ಬರೀ ಓಪನ್‌ವಿಪಿಎನ್ ಇದ್ದರೆ 4ಕೆ ಆಸೆ ಬಿಡಿ. ರೂಟರ್‌ನಲ್ಲಿ ವಿಪಿಎನ್ ಹಾಕಿದ ಮೇಲೆ ಆಂಡ್ರಾಯ್ಡ್ ಸ್ಟಿಕ್‌ನ ಆ್ಯಪ್ ಅನ್ನು ಆಫ್ ಮಾಡಲು ಮರೆಯಬೇಡಿ. ಎರಡೂ ವೈರ್‌ಗಾರ್ಡ್ ಆದರೆ ಒಳಗಿನದಕ್ಕೆ ಉಳಿಯುವ ಎಂಟಿಯು 1340, ಮೇಲೆ ಹೇಳಿದ ಅರ್ಧಂಬರ್ಧ ಪೋಸ್ಟರ್‌ಗಳು ಮತ್ತೆ ಹಾಜರ್.