ಇಡೀ ಕಾರ್ಕ್, ಚೂರು ಕಾರ್ಕ್, ರಬ್ಬರ್: ಹನ್ನೆರಡು ಸೀಸೆಗಳ ಪರೀಕ್ಷೆ

ಕಳೆದ ವರ್ಷ ಮುಂಗಾರಿಗೆ ಮುಂಚೆ, ಮನೆಯಲ್ಲೇ ಮಾಡಿದ ಪ್ಯಾಶನ್ ಫ್ರೂಟ್ ವೈನನ್ನು ಹನ್ನೆರಡು ಸೀಸೆಗಳಿಗೆ ತುಂಬಿದೆ. ನಾಲ್ಕಕ್ಕೆ ಇಡೀ ತೊಗಟೆಯಿಂದ ಕೊರೆದ ಕಾರ್ಕ್ ಬಿರಡೆ, ನಾಲ್ಕಕ್ಕೆ ಕಾರ್ಕ್ ಚೂರುಗಳನ್ನು ಅಂಟಿಸಿ ಅಚ್ಚು ಹಾಕಿದ್ದು, ಇನ್ನು ನಾಲ್ಕಕ್ಕೆ ರಬ್ಬರ್. ವಿರಾಜಪೇಟೆ ಬಳಿಯ ನಮ್ಮ ಮನೆಯ ಅಟ್ಟದಲ್ಲಿ ಎಲ್ಲವನ್ನೂ ಅಡ್ಡ ಮಲಗಿಸಿ ಹುತ್ತರಿಯವರೆಗೆ ಕಾದೆ.

ರಬ್ಬರ್ ಮೊದಲು ಸೋತಿತು. ಜುಲೈ ಮಳೆಯ ನಡುವೆಯೇ ಎರಡು ಬಿರಡೆಗಳು ಹಿಂದಕ್ಕೆ ಜಾರಿ ಅಟ್ಟವೆಲ್ಲ ಹುಳಿ ವಾಸನೆ. ರಬ್ಬರನ್ನು ಒತ್ತಿದರೆ ಅದರ ಗಾತ್ರ ಕುಗ್ಗುವುದಿಲ್ಲ, ಒಂದು ಕಡೆ ತಗ್ಗಿದ್ದು ಮತ್ತೊಂದು ಕಡೆ ಉಬ್ಬುತ್ತದೆ. ಸೀಸೆಯ ಕಂಠಕ್ಕೆ ನೂಕಿದಷ್ಟೂ ಅದು ಅಗಲವಾಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ರಬ್ಬರ್ ಬಿರಡೆ ಕೆಳಗೆ ಸಪೂರ, ಮೇಲೆ ದಪ್ಪ.

ಕಾರ್ಕ್ ಹಾಗಲ್ಲ. 24 ಮಿಲಿಮೀಟರ್ ದಪ್ಪದ ಬಿರಡೆ 18 ಮಿಲಿಮೀಟರ್ ಚಿಲ್ಲರೆ ಕಂಠದೊಳಗೆ ನೇರವಾಗಿ ಇಳಿಯುತ್ತದೆ. ಕಾರಣ ಅದರ ಒಳಗಿದೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡು ‘ಸೆಲ್’ ಎಂದು ಹೆಸರಿಟ್ಟ ಪುಟ್ಟ ಕೋಣೆಗಳು ಇದೇ ಕಾರ್ಕಿನವು. ತೊಗಟೆಯನ್ನು ಹೊರಗಿನಿಂದ ಒಳಮುಖವಾಗಿ ನೋಡಿದರೆ ನಮ್ಮ ತುಡುವೆ ಜೇನಿನ ಎರಿಯಂತೆ ಆರು ಮೂಲೆಯ ಕೋಶಗಳು. ಪಕ್ಕದಿಂದ ನೋಡಿದರೆ ಇಟ್ಟಿಗೆ ಗೋಡೆಯ ಸಾಲು. ಕೋಶದ ತುಂಬ ಗಾಳಿ, ಗೋಡೆಯಲ್ಲಿ ನೀರನ್ನು ಒಳಗೆ ಬಿಡದ, ಸುಬೆರಿನ್ ಎಂಬ ಮೇಣದಂಥ ವಸ್ತು. ಆ ಗೋಡೆಗಳೂ ನೆಟ್ಟಗಿಲ್ಲ, ಅಕಾರ್ಡಿಯನ್ ವಾದ್ಯದ ತಿದಿಯಂತೆ ನೆರಿಗೆ ನೆರಿಗೆ. ಒತ್ತಿದಾಗ ನೆರಿಗೆ ಮಡಚಿಕೊಳ್ಳುತ್ತದೆ, ಪಕ್ಕಕ್ಕೆ ಉಬ್ಬುವ ಅಗತ್ಯವೇ ಬೀಳುವುದಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದು ಎರಡೂ ಬಗೆಯ ಕಾರ್ಕಿನಿಂದ ಸಣ್ಣ ತುಂಡುಗಳನ್ನು ಕತ್ತರಿಸಿ, ತೋಟದ ಶೆಡ್ಡಿನ ವೈಸ್‌ನಲ್ಲಿ ಅರ್ಧದಷ್ಟು ದಪ್ಪಕ್ಕೆ ಹಿಂಡಿದೆ. ಇಡೀ ಕಾರ್ಕ್ ಮೊದಲು ಸ್ವಲ್ಪ ಎದುರು ನಿಂತಿತು, ಆಮೇಲೆ ಹೆಚ್ಚು ಬಲ ಕೇಳದೆ ತಗ್ಗುತ್ತಾ ಹೋಯಿತು, ಕೊನೆಗೆ ಮತ್ತೆ ಬಿಗಿಯಿತು. ಕೋಶಗೋಡೆಗಳು ಬಾಗಿ ಮುಗಿದು ಒಂದಕ್ಕೊಂದು ಅಂಟಿ ನಿಲ್ಲುವುದೇ ಆ ಕೊನೆಯ ಬಿಗಿತ. ಬಿಟ್ಟ ಕೂಡಲೇ ಬಹುಪಾಲು ಹಿಂದಿರುಗಿತು. ಉಳಿದ ತಗ್ಗು ಕುದಿಯುವ ನೀರಿಗೆ ಹಾಕಿದ ಕೆಲ ನಿಮಿಷಗಳಲ್ಲಿ ತುಂಬಿಕೊಂಡಿತು. ಇದನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಚೂರು ಕಾರ್ಕ್ ಎಲ್ಲ ದಿಕ್ಕಿನಲ್ಲೂ ಒಂದೇ ರೀತಿ ವರ್ತಿಸಿತು. ಚೂರುಗಳು ಅಡ್ಡಾದಿಡ್ಡಿ ಬಿದ್ದಿರುವುದರಿಂದ ಕೋಶಗಳಿಗೆ ದಿಕ್ಕೆಂಬುದೇ ಉಳಿಯುವುದಿಲ್ಲ. ಆದರೆ ಹೆಚ್ಚು ಹಿಂಡಿದಾಗ ಬಿರುಕು ಬಿಟ್ಟದ್ದು ಕೋಶದಲ್ಲಲ್ಲ, ಚೂರು ಚೂರು ಸೇರುವ ಅಂಟಿನ ಗೆರೆಯಲ್ಲಿ.

ಇಷ್ಟಾದರೂ ಸೀಸೆಯಲ್ಲಿ ಚೂರು ಕಾರ್ಕ್ ನನಗೆ ಪಾಠ ಕಲಿಸಿತು. ಅದರ ನಾಲ್ಕೂ ಸೀಸೆಗಳಿಂದ ಹನಿ ಸೋರಲಿಲ್ಲ. ಇಡೀ ಕಾರ್ಕಿನದರಲ್ಲಿ ಒಂದು ಸೋರಿತ್ತು! ಬಿರಡೆಯನ್ನು ಉದ್ದಕ್ಕೆ ಸೀಳಿ ನೋಡಿದೆ. ತೊಗಟೆಯೊಳಗೆ ಗಾಳಿಯಾಡಲು ಮರ ಬಿಟ್ಟುಕೊಂಡ ರಂಧ್ರಗಳು ಹೊರಗಿನಿಂದ ಒಳಕ್ಕೆ ಸಾಗುತ್ತವೆ. ಬಿರಡೆಯನ್ನು ಕಾಂಡದ ಉದ್ದಕ್ಕೆ ಸಮಾನಾಂತರವಾಗಿ ಕೊರೆಯುವುದು ಇದಕ್ಕೇ, ಆಗ ರಂಧ್ರ ಬಿರಡೆಗೆ ಅಡ್ಡ ಬರುತ್ತದೆ, ಕಂಠದ ಗಾಜು ಅದನ್ನು ಮುಚ್ಚುತ್ತದೆ. ನನ್ನ ಬಿರಡೆಯಲ್ಲಿ ಅದು ಓರೆಯಾಗಿ ತುದಿಯವರೆಗೆ ಬಂದಿತ್ತು. (ಕಾರ್ಕ್ ಕೊಡುವುದು ಪೋರ್ಚುಗಲ್ ಸೀಮೆಯ ಓಕ್ ಮರ, ಸಾಮಾನ್ಯವಾಗಿ ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ನಮ್ಮ ಕಾಫಿ ತೋಟದ ಸಿಲ್ವರ್ ಓಕ್‌ಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು.)

ಆದರೆ ಸೀಸೆಯಿಂದ ತೆಗೆದ ಮೇಲೆ ಇಡೀ ಕಾರ್ಕ್ ಬೇಗ ದಪ್ಪವಾಯಿತು, ಚೂರಿನದು ಸಪೂರವಾಗಿಯೇ ಉಳಿಯಿತು. ಕಂಠಕ್ಕೆ ಒತ್ತಿ ನಿಲ್ಲುವ ಶಕ್ತಿ ಎಂದರೆ ಈ ಹಿಂದಿರುಗುವ ಗುಣವೇ. ಆದ್ದರಿಂದ ಹುತ್ತರಿಯೊಳಗೆ ಮುಗಿಯುವ ವೈನಿಗೆ ಚೂರು ಕಾರ್ಕ್ ಸಾಕು, ಅಗ್ಗವೂ ಹೌದು. ಎರಡು ಮೂರು ವರ್ಷ ಇಡುವ ನೆಲ್ಲಿಕಾಯಿ ವೈನಿಗೆ ನಾನು ಇಡೀ ಕಾರ್ಕನ್ನೇ ಹಾಕುತ್ತೇನೆ, ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆ. ತುದಿಯಲ್ಲಿ ಕಪ್ಪು ಗೆರೆ ಕಂಡರೆ ಆ ಬಿರಡೆ ಜೇನಿನ ಸೀಸೆಗೆ.