ಹಿಮ್ಮಡಿ ಪಟ್ಟಿಯ ತೆಳು ಸ್ಯಾಂಡಲ್: ಎರಡು ಮಳೆಗಾಲ ಕಳೆದ ಮೇಲೆ

ವಯಸ್ಸಾದವರಿಗೆ ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿಸಿ ನೋಡಿದರೆ ಸಾಲದು. ಆಗ ಗಮನವೆಲ್ಲ ಕಾಲಿನ ಮೇಲೇ ಇರುತ್ತದೆ. ಮಾತಾಡಿಸುತ್ತ ನಡೆಸಿ ನೋಡಬೇಕು. ಅಮ್ಮನಿಗೆ ತಂದ ಈ ಸ್ಯಾಂಡಲ್ಲನ್ನು ನಾನು ಪರೀಕ್ಷಿಸಿದ್ದು ಹಾಗೆಯೇ.

ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆರೈಕೆ ಕೇಂದ್ರದ 58 ಹಿರಿಯರನ್ನು ನಡೆಯುವಾಗ ಮಾತಿಗೆಳೆದರು. 12 ಮಂದಿ ಉತ್ತರ ಹೇಳಲು ನಿಂತುಬಿಟ್ಟರು. ಮುಂದಿನ 6 ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು. ನಡಿಗೆಯೇ ಗಮನವನ್ನೆಲ್ಲ ಬೇಡುವಾಗ ಮಾತಿಗೆ ಉಳಿಯುವುದು ಕಡಿಮೆ.

ಹವಾಯಿ ಚಪ್ಪಲಿ ಈ ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದು ಕಳಚದಿರಲು ಬೆರಳುಗಳು ಹೆಜ್ಜೆ ಹೆಜ್ಜೆಗೂ ಬಿಗಿಹಿಡಿಯಬೇಕು. ಗಮನ ಬೇರೆಡೆ ಹೋದರೆ ಹಿಡಿತ ಸಡಿಲ, ಮುಂತುದಿ ನೆಲಕ್ಕೆ ತಗಲುತ್ತದೆ. ನಡೆಯುವಾಗ ಬೆರಳ ತುದಿ ನೆಲದಿಂದ ಒಂದೆರಡು ಸೆಂಟಿಮೀಟರಷ್ಟೇ ಮೇಲೆ ಹಾದುಹೋಗುವುದರಿಂದ ಎಡವಲು ಅಷ್ಟು ಸಾಕು. ಮೆತ್ತನೆಯ ದಪ್ಪ ಅಟ್ಟೆಯದು ಬೇರೆ ತೊಂದರೆ: ಹಾಸುಗಲ್ಲಿನ ಏರುತಗ್ಗು ಪಾದಕ್ಕೆ ಸರಿಯಾಗಿ ತಿಳಿಯದೆ ಕಣ್ಣು ಕೆಳಗೇ ನೆಟ್ಟಿರಬೇಕಾಗುತ್ತದೆ.

ಈ ಸ್ಯಾಂಡಲ್ಲಿಗೆ ಹಿಮ್ಮಡಿ ಪಟ್ಟಿ ಇದೆ, ಅಟ್ಟೆ ತೆಳು, ಮುಂಭಾಗ ಅಗಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅಮ್ಮ ಮೊದಲು ಪ್ರತಿ ಮಾತಿಗೂ ನನ್ನ ತೋಳು ಹಿಡಿದು ನಿಲ್ಲುತ್ತಿದ್ದರು. ಈಗ ನೆಂಟರ ಮದುವೆ ಸುದ್ದಿಯನ್ನೆಲ್ಲ ನಡೆಯುತ್ತಲೇ ಹೇಳುತ್ತಾರೆ. ಇದು ಸ್ಯಾಂಡಲ್ಲೊಂದರಿಂದಲೇ ಎನ್ನಲಾರೆ, ಅದೇ ಹೊತ್ತಿಗೆ ಕನ್ನಡಕವೂ ಬದಲಾಯಿತು. ಆದರೂ ಮನೆಯಲ್ಲಿ ಹಳೆಯ ಚಪ್ಪಲಿ ಮೆಟ್ಟಿದಾಗ ಹೆಜ್ಜೆ ಮತ್ತೆ ಗಿಡ್ಡವಾಗುವುದು ಕಾಣುತ್ತದೆ. ಫೋನ್ ಬಂದರೆ ಮಾತ್ರ ಇವತ್ತಿಗೂ ನಿಂತೇ ಮಾತಾಡುತ್ತಾರೆ. ಹಾಗೇ ಇರಲಿ ಎಂಬುದು ನನ್ನ ಆಸೆ. ಪರದೆ ನೋಡುತ್ತ ನಡೆಯುವ ವಯಸ್ಸಿನವರೂ ಅವರಿಂದ ಇದನ್ನು ಕಲಿಯಬೇಕು.

ಕೊರತೆಗಳೂ ಇವೆ. ವೆಲ್ಕ್ರೋಗೆ ಮಣ್ಣು ತುಂಬಿ ಎರಡನೇ ಮಳೆಗಾಲದಲ್ಲಿ ಹಿಡಿತ ಹೋಯಿತು. ಕಂಪನಿಯವರು ಪಟ್ಟಿಯನ್ನಷ್ಟೇ ಬದಲಿಸಿಕೊಡುವುದಿಲ್ಲ, ಬೀದಿಯ ಚಮ್ಮಾರರೇ ಹೊಸದು ಹೊಲಿದುಕೊಟ್ಟರು. ಜಲ್ಲಿಯ ಮೇಲೆ ಅಂಗಾಲು ನೋಯುತ್ತದೆ. ಹಿಮ್ಮಡಿಯ ಹೊರಬದಿಯಲ್ಲಿ ಅಟ್ಟೆಯ ಗೀರು ಸವೆದ ಮೇಲೆ ಒದ್ದೆ ಟೈಲ್ಸಿನಲ್ಲಿ ಜಾರತೊಡಗಿತು, ಹೊಸ ಜೊತೆ ತಂದೆವು.

ಸಂಜೆ ಹೊತ್ತು ಪಾದ ತುಸು ಊದಿರುತ್ತದೆ, ಅಳತೆ ಆಗಲೇ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಇದನ್ನು ಕೊಳ್ಳುವುದು ಬೇಡ. ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯದು; ವೈದ್ಯರು ಹೇಳಿದ ಪಾದರಕ್ಷೆಯೇ ಅವರಿಗೆ ಸರಿ.